ಬಾನೆಟ್ ಕೆಳಗಿನ ಎರಿ ಧೂಳು: ನೀರು ಮುಟ್ಟುವ ಮುಂಚಿನ ಕೆಲಸ

ವಿಜಯಪುರ, ಬಾಗಲಕೋಟೆ ಕಡೆ ಓಡಾಡುವ ಕಾರಿನ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿ. ಮೇಲಿನ ಪದರ ನುಣ್ಣನೆ ಎರಿ ಧೂಳು, ಅಂದರೆ ಕಪ್ಪು ಮಣ್ಣಿನ ಧೂಳು. ಅದರ ಕೆಳಗೆ, ಎಣ್ಣೆ ಜಿನುಗುವ ಕಡೆಯೆಲ್ಲ, ಜಿಡ್ಡಿಗೆ ಮಣ್ಣು ಕೂತು ಗಟ್ಟಿಯಾದ ಕರಿ. ಮೂಲೆ ಸಂದಿಗಳಲ್ಲಿ ಬೇವಿನ ಎಲೆ, ಜೋಳದ ಹೊಟ್ಟು, ಒಮ್ಮೊಮ್ಮೆ ಇಲಿ ಕೂಡಿಹಾಕಿದ ಅರಿವೆ ಚೂರು. ಒಂದೊಂದಕ್ಕೂ ಬೇರೆ ಉಪಾಯ ಬೇಕು. ತೊಳೆಯುವ ಅಂಗಡಿಗಳಲ್ಲಿ ಮಾತ್ರ ಬಹುಮಟ್ಟಿಗೆ ಎಲ್ಲಕ್ಕೂ ಒಂದೇ ಉಪಾಯ: ಡೀಸೆಲ್ ಸಿಂಪಡಿಸು, ಪ್ರೆಷರ್ ಗನ್ ಬಿಡು, ಮೇಲೆ ಹೊಳಪಿನ ಎಣ್ಣೆ ಹೊಡಿ. ಮನೆ ಅಂಗಳದಲ್ಲಿ ಮೂರು ತಾಸು ಕೊಟ್ಟರೆ ಇದಕ್ಕಿಂತ ಎಷ್ಟೋ ಚೊಕ್ಕವಾಗಿ, ಎಂಜಿನ್‌ಗೆ ತೊಂದರೆಯಾಗದಂತೆ ಮಾಡಬಹುದು.

ನಮ್ಮ ಭಾಗಕ್ಕೆ ಮುಖ್ಯವಾಗುವ ಮಾತು ಒಂದೇ. ಈ ಕೆಲಸದ ಮುಕ್ಕಾಲು ಪಾಲು ಒಣಗಿದ್ದಾಗಲೇ ಮುಗಿಯಬೇಕು. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವುದೂ, ಮಳೆ ಬಿದ್ದಾಗ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟುವುದೂ ಇದೇ ಗುಣದಿಂದ. ಬಾನೆಟ್ ಕೆಳಗೆ ಧೂಳಿನ ಮೇಲೆ ನೀರು ಹೊಡೆದರೆ ಅರ್ಧ ಹೊರಗೆ ಹೋಗುತ್ತದೆ, ಉಳಿದರ್ಧ ಕೆಸರಾಗಿ ವಾಯರ್ ಕನೆಕ್ಟರ್‌ಗಳ ಸಂದಿ, ರೇಡಿಯೇಟರ್ ಜಾಲರಿ, ಬೆಲ್ಟ್‌ನ ಗೆರೆಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಒಣಗಿದ ಎರಿ ಧೂಳು ಬ್ರಷ್ ತಾಗಿದರೆ ಸಾಕು, ಉದುರುತ್ತದೆ. ಲೋಕಾಪುರ, ಮುಧೋಳ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡಾಡುವ ಕಾರಿಗೆ ಇದು ಇನ್ನೂ ಮುಖ್ಯ. ಸಿಮೆಂಟ್ ಧೂಳಿಗೆ ನೀರು ಸೇರಿದರೆ ಏನಾಗುತ್ತದೆಂದು ಯಾರಿಗೂ ಹೇಳಬೇಕಿಲ್ಲ. ಜೊತೆಗೆ ಅದು ಕ್ಷಾರ, ಅಲ್ಯೂಮಿನಿಯಂ ಮೇಲೆ ಕಲೆ ಬಿಡುತ್ತದೆ.

ಇನ್ನೊಂದು ಸಂಗತಿ ನೀರಿನದು. ನಮ್ಮಲ್ಲಿ ಬಹಳ ಬೋರ್‌ವೆಲ್‌ಗಳ ನೀರು ಸವಳು. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಕರಗಿದ ಲವಣದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 2000ದವರೆಗೆ ಒಪ್ಪುತ್ತಾರೆ. ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರನ್ನು ಬಿಸಿ ಎಂಜಿನ್ ಮೇಲೆ ಹಾಕಿದರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಅಲ್ಯೂಮಿನಿಯಂ ಮೇಲೆ ಅದು ಬಿಳಿ ಕಲೆ, ಕನೆಕ್ಟರ್ ಪಿನ್ ಮೇಲೆ ಕಿಲುಬು. ಆದ್ದರಿಂದ ಈ ಕೆಲಸಕ್ಕೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ತನ್ನಿ. ಐದು ಲೀಟರ್ ಸಾಕು, ಅದರಲ್ಲೂ ಸ್ವಲ್ಪ ಉಳಿಯುತ್ತದೆ. ಬ್ಯಾಟರಿ ಮತ್ತು ಕನೆಕ್ಟರ್ ಸುತ್ತ ಒರೆಸಲು ಒಂದು ಲೀಟರ್ ಡಿಸ್ಟಿಲ್ಡ್ ವಾಟರ್ ಬೇರೆ ಇರಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ.

ಏನೇನು ಬೇಕು

ಬಣ್ಣ ಹಚ್ಚುವ ಬ್ರಷ್ ಎರಡು, ಒಂದು ಇಂಚಿನದು, ಎರಡು ಇಂಚಿನದು. ಬ್ರಷ್‌ನ ತಗಡಿನ ಪಟ್ಟಿಯ ಸುತ್ತ ಇನ್ಸುಲೇಷನ್ ಟೇಪ್ ಮೂರು ಸುತ್ತು ಸುತ್ತಿಬಿಡಿ. ಆ ತಗಡು ಬ್ಯಾಟರಿ ಟರ್ಮಿನಲ್‌ಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ, ಇಲ್ಲದಿದ್ದರೂ ಬಣ್ಣ ಗೀರುತ್ತದೆ. ಹಳೆ ಟೂತ್‌ಬ್ರಷ್ ಎರಡು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 500–600 ವ್ಯಾಟ್‌ನ ಕೈ ಬ್ಲೋವರ್. ಮೈಕ್ರೋಫೈಬರ್ ಅರಿವೆ ಆರೇಳು, ಅದರಲ್ಲಿ ಎರಡು ಬ್ಯಾಟರಿಗೆ ಮೀಸಲು. ಅರ್ಧ ಲೀಟರ್‌ನ ಸ್ಪ್ರೇ ಬಾಟಲಿ ಎರಡು. 10 ಮಿ.ಮೀ. ಪಾನಾ (ಸ್ಪ್ಯಾನರ್). ದಪ್ಪ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್. ಕೈಗವಸು, ಮಾಸ್ಕ್, ಕನ್ನಡಕ. ಮಾಸ್ಕ್ ಬಿಡಬೇಡಿ, ಬ್ಲೋವರ್ ಚಾಲೂ ಆದ ಕೂಡಲೇ ಯಾಕೆಂದು ತಿಳಿಯುತ್ತದೆ.

ಜಿಡ್ಡು ತೆಗೆಯಲು ನೀರಿನಲ್ಲಿ ಬೆರೆಯುವ ಆಲ್ ಪರ್ಪಸ್ ಕ್ಲೀನರ್ ಅಥವಾ ಡಿಗ್ರೀಸರ್. ಡಬ್ಬಿಯ ಮೇಲೆ ಬರೆದ ಅಳತೆಯೇ ಮೊದಲ ಮಾತು. ಅಳತೆ ಇಲ್ಲದಿದ್ದರೆ ಮಾಮೂಲಿ ಹೊಲಸಿಗೆ 50 ಮಿ.ಲೀ. ಕ್ಲೀನರ್‌ಗೆ 450 ಮಿ.ಲೀ. ನೀರು, ಗಟ್ಟಿ ಕರಿಗೆ 100ಕ್ಕೆ 400. ಬಟ್ಟೆ ತೊಳೆಯುವ ಪುಡಿ ಬೇಡ, ಅದರ ಸೋಡಾ ಸಂದಿಯಲ್ಲಿ ಉಳಿದರೆ ಅಲ್ಯೂಮಿನಿಯಂ ಮಂಕಾಗುತ್ತದೆ. ಕಾಸ್ಟಿಕ್ ಇರುವ ಯಾವ ದ್ರಾವಣವೂ ಬಾನೆಟ್ ಕೆಳಗೆ ಬರಬಾರದು.

ಡೀಸೆಲ್, ಸೀಮೆಎಣ್ಣೆ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಬೇಡವೇ ಬೇಡ. ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಹರಿಯುವ ಪೈಪುಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ಬಗೆಯ ರಬ್ಬರ್. ಖನಿಜ ತೈಲ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಉಳಿದ ತೆಳು ಎಣ್ಣೆ ಪದರ ಮಾರನೇ ದಿನದಿಂದಲೇ ಧೂಳು ಹಿಡಿಯುತ್ತದೆ. ಮೇಲಾಗಿ 40 ಡಿಗ್ರಿ ದಾಟುವ ನಮ್ಮ ಏಪ್ರಿಲ್–ಮೇ ಬಿಸಿಲಲ್ಲಿ ಸೀಮೆಎಣ್ಣೆಯ ಆವಿಗೆ ಒಂದು ಕಿಡಿ ಸಾಕು.

ಶುರು ಮಾಡುವ ಹೊತ್ತು, ಬ್ಯಾಟರಿ

ಬೆಳಿಗ್ಗೆ ಆರೂವರೆಗೆ ಶುರು ಮಾಡಿದರೆ ಬೇಸಿಗೆಯಲ್ಲೂ ಒಂಬತ್ತೂವರೆಯೊಳಗೆ ಮುಗಿಯುತ್ತದೆ. ರಾತ್ರಿಯಿಡೀ ನಿಂತ ತಣ್ಣನೆ ಎಂಜಿನ್ ಒಣ ಕೆಲಸಕ್ಕೆ ಚೆನ್ನ. ಜಿಡ್ಡು ಕರಗಲು ಸ್ವಲ್ಪ ಬೆಚ್ಚಗಿದ್ದರೆ ಅನುಕೂಲ, ಅದಕ್ಕೆ ಒಣ ಕೆಲಸ ಮುಗಿದ ಮೇಲೆ ಎರಡು ಮೂರು ನಿಮಿಷ ಚಾಲೂ ಇಟ್ಟರೆ ಸಾಕು. ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಮೇಲೆ ಅಂಗೈ ಇಟ್ಟರೆ ಆರಾಮಾಗಿ ಇಡಲಾಗಬೇಕು. ದೂರದ ಓಡಾಟ ಮುಗಿಸಿ ಬಂದ ಕಾದ ಎಂಜಿನ್‌ಗೆ ನೀರು ತಾಗಿಸಬೇಡಿ. ಕ್ಲೀನರ್ ತಾಗಿದಲ್ಲೇ ಒಣಗಿ ಕಲೆಯಾಗುತ್ತದೆ, ಎಕ್ಸಾಸ್ಟ್ ಪೈಪಿನ ಆಕ್ಸಿಜನ್ ಸೆನ್ಸರ್‌ನೊಳಗಿನ ಸೆರಾಮಿಕ್ ಸೀಳಬಹುದು.

ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ, ನಾಲ್ಕು ಮೂಲೆಯಿಂದ, ಬ್ಯಾಟರಿ ಹತ್ತಿರದಿಂದ, ಫ್ಯೂಸ್ ಡಬ್ಬಿಯ ಸುತ್ತ. ಯಾವ ಪೈಪು ಯಾವ ಕ್ಲಿಪ್ಪಿನಲ್ಲಿ ಕೂತಿತ್ತು ಎಂದು ಕೊನೆಗೆ ಬೇಕಾಗುತ್ತದೆ. ಚಾವಿ ತೆಗೆದು ಜೇಬಿಗೆ ಹಾಕಿ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ಬಂದ್ ಇದ್ದಾಗಲೂ ತಾನೇ ತಿರುಗಬಹುದು.

ಈಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಪ್ಪು ವಾಯರ್, ಮೈನಸ್ ಗುರುತು. ಬಿಚ್ಚುವಾಗ ಯಾವತ್ತೂ ಮೈನಸ್ ಮೊದಲು, ಪ್ಲಸ್ ಕೊನೆಗೆ. ಮೈನಸ್ ಜೋಡಣೆಯಿದ್ದಾಗ ಪ್ಲಸ್ ನಟ್ ಬಿಚ್ಚಲು ಹೋಗಿ ಪಾನಾದ ಇನ್ನೊಂದು ತುದಿ ಬಾಡಿಗೆ ತಾಗಿದರೆ ಪೂರ್ತಿ ಶಾರ್ಟ್. ಇತ್ತೀಚಿನ ಅನೇಕ ಕಾರುಗಳಲ್ಲಿ ಮೈನಸ್ ಕ್ಲಾಂಪ್ ಮೇಲೆ ಸಣ್ಣ ಕಪ್ಪು ಡಬ್ಬಿ, ಅದಕ್ಕೊಂದು ಸಣ್ಣ ವಾಯರ್ ಇರುತ್ತದೆ. ಅದು ಬ್ಯಾಟರಿ ಸೆನ್ಸರ್. ಅದನ್ನು ಹಿಡಿದು ಎಳೆಯಬೇಡಿ, ಕ್ಲಾಂಪ್ ಅನ್ನೇ ಅಲುಗಾಡಿಸಿ ಎತ್ತಿ. ಬಿಚ್ಚಿದ ವಾಯರ್ ತುದಿಗೆ ಒಣ ಅರಿವೆ ಸುತ್ತಿ ಬದಿಗಿಡಿ. ಗಡಿಯಾರದ ಸಮಯ, ಕೆಲವು ಕಾರಲ್ಲಿ ಕಿಟಕಿಯ ಆಟೋ ಸೆಟ್ಟಿಂಗ್ ಹೋಗುತ್ತದೆ. ಆಮೇಲೆ ಹೊಂದಿಸಿಕೊಳ್ಳಬಹುದು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು–ನೀಲಿ ಪುಡಿ ಕಂಡರೆ ಅದನ್ನು ಊದಬೇಡಿ, ಒಣ ಬ್ರಷ್‌ನಿಂದ ಹಾರಿಸಬೇಡಿ. ಅದರಲ್ಲಿ ಆಸಿಡ್ ಇದೆ, ಸೀಸವೂ ಇದೆ. ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಟೂತ್‌ಬ್ರಷ್‌ನಿಂದ ಹಚ್ಚಿ. ಬುರುಗು ಏಳುತ್ತದೆ. ಬುರುಗು ನಿಂತಿತೆಂದರೆ ಆಸಿಡ್ ತೀರಿತು. ಬ್ಯಾಟರಿಗೆ ನೀರು ತುಂಬುವ ಮುಚ್ಚಳಗಳಿದ್ದರೆ ಗಟ್ಟಿ ಕೂತಿವೆಯೇ ನೋಡಿ, ಸೋಡಾ ಒಳಗೆ ಇಳಿದರೆ ಬ್ಯಾಟರಿ ಹಾಳು. ಡಿಸ್ಟಿಲ್ಡ್ ನೀರಿನ ಅರಿವೆಯಿಂದ ಒರೆಸಿ ಪೂರ್ತಿ ಒಣಗಿಸಿ. ವ್ಯಾಸಲೀನ್ ಹಚ್ಚುವುದು ಈಗಲ್ಲ. ಕ್ಲಾಂಪ್ ಬಿಗಿ ಮಾಡಿದ ಮೇಲೆ, ಹೊರಗಿನಿಂದ, ತೆಳ್ಳಗೆ.

ಒಣ ಕೆಲಸ

ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ನಿಂತುಕೊಳ್ಳಿ. ಮೇಲಿನಿಂದ ಕೆಳಕ್ಕೆ, ಗಾಜಿನ ಕಡೆಯಿಂದ ಮುಂದಕ್ಕೆ. ವೈಪರ್ ಕೆಳಗಿನ ಜಾಲರಿಯಿಂದ ಶುರು. ಫೆಬ್ರವರಿ–ಮಾರ್ಚ್‌ನಲ್ಲಿ ಬೇವು ಎಲೆ ಉದುರಿಸುತ್ತದೆ, ಬೇವಿನ ನೆರಳಿಗೆ ನಿಲ್ಲಿಸಿದ ಪ್ರತಿ ಕಾರಿನ ಈ ಜಾಲರಿಯ ಎರಡೂ ತುದಿಯಲ್ಲಿ ಎಲೆ ಕೊಳೆತು ಕರಿ ಗೊಬ್ಬರವಾಗಿ ಕೂತಿರುತ್ತದೆ. ಅಲ್ಲೇ ಮಳೆ ನೀರು ಹೊರಹೋಗುವ ತೂತು ಇರುವುದು. ಅದು ಕಟ್ಟಿದರೆ ಜೂನ್ ಮಳೆಗೆ ನೀರು ಎಸಿ ಬ್ಲೋವರ್ ಮೂಲಕ ಕಾರಿನೊಳಗೆ, ಕಾಲಿಡುವ ಕಡೆ ಇಳಿಯುತ್ತದೆ. ಎಲೆಯನ್ನು ಕೈಯಿಂದಲೇ ಎತ್ತಿ ತೆಗೆಯಿರಿ, ತಂತಿ ಹಾಕಿ ಕೆಳಕ್ಕೆ ದೂಡಿದರೆ ಪೈಪಿನೊಳಗೆ ಗಟ್ಟಿಯಾಗಿ ಸಿಗುತ್ತದೆ. ಆಮೇಲೆ ಅರ್ಧ ತಂಬಿಗೆ ನೀರು ಹೊಯ್ದು, ಚಕ್ರದ ಹಿಂದೆ ಅಥವಾ ಕಾರಿನ ಕೆಳಗೆ ಇಳಿಯುತ್ತದೆಯೇ ನೋಡಿ. ಒಣ ಕೆಲಸದ ನಡುವೆ ನೀರು ಬರುವುದು ಇಲ್ಲಿ ಮಾತ್ರ.

ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಹೆಚ್ಚಿನ ಕಾರುಗಳಲ್ಲಿ ನಾಲ್ಕು ರಬ್ಬರ್ ಗುಂಡಿಗಳ ಮೇಲೆ ಕೂತಿರುತ್ತದೆ, ನೇರ ಮೇಲಕ್ಕೆ ಎತ್ತಿದರೆ ಬರುತ್ತದೆ. ಅದರ ಅಡಿಯಲ್ಲಿ ಇಲಿ ಗೂಡು ಇದ್ದರೆ ಬ್ರಷ್, ಬ್ಲೋವರ್ ಎರಡನ್ನೂ ದೂರವಿಡಿ. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು ಗೂಡಿನ ಮೇಲೆ ಸೋಂಕುನಾಶಕ ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಇಡಿಯಾಗಿ ಎತ್ತಿ ಚೀಲಕ್ಕೆ ಹಾಕಿ ಕಟ್ಟಿ. ಹಿಂಗಾರಿ ಜೋಳದ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಇಲಿಗಳು ಮನೆ ಕಡೆ ತಿರುಗುತ್ತವೆ, ಆ ತಿಂಗಳುಗಳಲ್ಲಿ ಕವರ್ ಎತ್ತಿ ನೋಡುವುದು ಹೆಚ್ಚು ಮಾಡಬೇಕು. ಕಾರಿನ ಪಕ್ಕ ಕಣಕಿ ಬಣವೆ, ಕಾಳಿನ ಚೀಲ ಇಡದಿರುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ರಾತ್ರಿ ಬಾನೆಟ್ ಎತ್ತಿಡುವುದೂ ಕೆಲಸ ಮಾಡುತ್ತದೆ, ಇಲಿಗೆ ಬೇಕಾದ ಕತ್ತಲೆ ಬೆಚ್ಚನೆ ಮೂಲೆ ಅಲ್ಲಿ ಉಳಿಯುವುದಿಲ್ಲ. ಕಡಿದ ವಾಯರ್ ಕಂಡರೆ ಟೇಪ್ ಸುತ್ತಿ ಮುಚ್ಚಿಬಿಡಬೇಡಿ. ಒಂದು ಕಡೆ ಕಡಿದಿದ್ದರೆ ಆ ಕಟ್ಟಿನುದ್ದಕ್ಕೂ ಬೆರಳಾಡಿಸಿ ನೋಡಿ, ಸಾಮಾನ್ಯವಾಗಿ ಇನ್ನೆರಡು ಕಡೆ ಸಿಗುತ್ತದೆ.

ಇನ್ನು ಬ್ರಷ್ ಮತ್ತು ಬ್ಲೋವರ್ ಒಟ್ಟಿಗೆ ನಡೆಯಬೇಕು. ಎಡಗೈಯಲ್ಲಿ ಬ್ಲೋವರ್ ಒಂದು ಗೇಣು ದೂರ, ಬಲಗೈಯಲ್ಲಿ ಬ್ರಷ್. ಬ್ರಷ್ ಧೂಳು ಬಿಡಿಸುತ್ತದೆ, ಗಾಳಿ ಒಯ್ಯುತ್ತದೆ. ಮುಂಚೆಯೇ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಗಿ ಇವೆಯೇ, ಡಿಪ್ ಸ್ಟಿಕ್ ಕೂತಿದೆಯೇ, ಆಯಿಲ್ ಮುಚ್ಚಳ, ಬ್ರೇಕ್ ಆಯಿಲ್ ಮುಚ್ಚಳ ಭದ್ರವೇ ನೋಡಿ. ಆಯಿಲ್‌ಗೆ ಎರಿ ಧೂಳು ಸೇರಿದರೆ ಅದು ಬೇರಿಂಗ್ ಸವೆಸುತ್ತದೆ. ಬಾನೆಟ್ ಒಳಗಿನ ಫೋಮ್ ಹಾಳೆಯನ್ನು ಬ್ರಷ್‌ನಿಂದ ಮೆಲ್ಲಗೆ ತಟ್ಟಿದರೆ ಸಾಕು. ಅದಕ್ಕೆ ನೀರು ತಾಗಿಸಿದರೆ ದಿನಗಟ್ಟಲೆ ಒಣಗುವುದಿಲ್ಲ, ಭಾರಕ್ಕೆ ಜೋತುಬೀಳುತ್ತದೆ.

ಒಣ ಕೆಲಸಕ್ಕೆ ಒಂದೂವರೆ ತಾಸು ಹಿಡಿದರೆ ಗಾಬರಿ ಬೇಡ. ಬಹಳ ಕಾರುಗಳಿಗೆ ಇಷ್ಟಕ್ಕೇ ನಿಲ್ಲಿಸಿ ಒಮ್ಮೆ ಒದ್ದೆ ಅರಿವೆಯಲ್ಲಿ ಒರೆಸಿದರೆ ಕೆಲಸ ಮುಗಿದಂತೆ.

ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುವ ಕೆಲಸ ಇದು. ಮುಂದೆ ಎಸಿ ಗ್ಯಾಸ್ ತಂಪು ಮಾಡುವ ಕಂಡೆನ್ಸರ್, ಅದರ ಹಿಂದೆ ಕೂಲಂಟ್ ತಂಪು ಮಾಡುವ ರೇಡಿಯೇಟರ್, ನಡುವೆ ಎರಡು ಬೆರಳಿನಷ್ಟು ಅಥವಾ ಅದಕ್ಕೂ ಕಡಿಮೆ ಸಂದಿ. ಸುಗ್ಗಿ ದಿನಗಳಲ್ಲಿ ರಸ್ತೆ ಮೇಲೆಯೇ ರಾಶಿ ಹಾಕುತ್ತಾರೆ. ಆ ಹೊಟ್ಟು, ಹುಳುಗಳು, ಕಬ್ಬಿನ ರವದಿ ಚೂರು ಕಂಡೆನ್ಸರ್ ಮುಖಕ್ಕೆ ಅಂಟುತ್ತವೆ, ಸಣ್ಣವು ಅಂಚಿನಿಂದ ಒಳ ಸಂದಿಗೆ ಸೇರುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ ಎಸಿ ತಂಪು ಇಳಿದು, ಕಾರು ಓಡಿದಾಗ ಮತ್ತೆ ತಂಪಾದರೆ ಗ್ಯಾಸ್ ತುಂಬಿಸುವ ಮೊದಲು ಇಲ್ಲಿ ನೋಡಿ. ಗಾಳಿ ಹಾಯಲು ಜಾಗ ಇಲ್ಲದಿರುವುದೂ ಇದಕ್ಕೆ ಕಾರಣ.

ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ ತೆಗೆಯಿರಿ. ಅದರ ನಡುವಿನ ಪಿನ್ ಎತ್ತಿದ ಮೇಲೇ ಇಡೀ ಕ್ಲಿಪ್ ಬರುತ್ತದೆ, ಜಗ್ಗಿದರೆ ಮುರಿಯುತ್ತದೆ. ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿದರೆ ಎಲ್ಲಿ ಬೆಳಕು ಹಾಯುವುದಿಲ್ಲವೋ ಅಲ್ಲಿ ಕಟ್ಟಿದೆ. ಬ್ಲೋವರ್ ಗಾಳಿ ಎಂಜಿನ್ ಕಡೆಯಿಂದ ಮುಂದಕ್ಕೆ ಹೋಗಬೇಕು, ಹೊಲಸು ಬಂದ ದಾರಿಯಲ್ಲೇ ವಾಪಸ್. ಮುಂದಿನಿಂದ ಊದಿದರೆ ಇನ್ನೂ ಒಳಗೆ ಸೇರುತ್ತದೆ. ಫ್ಯಾನ್ ರೆಕ್ಕೆಯನ್ನು ಒಂದು ಕೈಯಲ್ಲಿ ಹಿಡಿದಿರಿ. ಬ್ಯಾಟರಿ ಬಿಚ್ಚಿರುವುದರಿಂದ ತಾನಾಗಿ ತಿರುಗುವುದಿಲ್ಲ, ಆದರೆ ಬ್ಲೋವರ್ ಗಾಳಿಗೆ ಜೋರಾಗಿ ತಿರುಗಬಾರದು. ಮೆತ್ತನೆ ಬ್ರಷ್ ಅನ್ನು ಜಾಲರಿಯ ಎಳೆಗಳ ನೇರಕ್ಕೇ ಎಳೆಯಿರಿ, ಅಡ್ಡಕ್ಕೆ ಎಳೆದರೆ ಮಡಚುತ್ತವೆ. ಆ ಅಲ್ಯೂಮಿನಿಯಂ ಎಳೆ ಬೆರಳಿನ ಒತ್ತಡಕ್ಕೇ ಬಾಗುತ್ತದೆ, ಪ್ರೆಷರ್ ಗನ್ ಹತ್ತಿರದಿಂದ ಬಿಟ್ಟರೆ ಅಂಗೈಯಗಲ ಜಾಗ ಒಂದೇ ಏಟಿಗೆ ಮಲಗುತ್ತದೆ. ನೀರು ಬೇಕೇ ಆದರೆ ಪೈಪಿನ ಸಾದಾ ಹರಿವು ಅಥವಾ ಗಿಡಕ್ಕೆ ಸಿಂಪಡಿಸುವ ಕೈ ಪಂಪು.

ಕಾದ ಎಂಜಿನ್‌ನ ರೇಡಿಯೇಟರ್ ಮುಚ್ಚಳ ಬಿಚ್ಚಬೇಡಿ. ಒಳಗೆ ಒತ್ತಡವಿದೆ, ಕೂಲಂಟ್ ಮುಖಕ್ಕೆ ಚಿಮ್ಮುತ್ತದೆ. ಕೂಲಂಟ್ ಮಟ್ಟ ಕಡಿಮೆಯಿದ್ದರೆ ಬೋರ್ ನೀರು ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಒಳಗಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿದರೆ ಹೊರಗೆ ಎಷ್ಟು ಚೊಕ್ಕ ಮಾಡಿದರೂ ಎಂಜಿನ್ ಬಿಸಿ ಇಳಿಯುವುದಿಲ್ಲ. ಕಂಪನಿ ಹೇಳಿದ ಕೂಲಂಟ್, ಬೆರೆಸಬೇಕಾದದ್ದಾದರೆ ಡಿಸ್ಟಿಲ್ಡ್ ನೀರಿನ ಜೊತೆ ಸಾಮಾನ್ಯವಾಗಿ ಸಮಪಾಲು.

ಇದೇ ಹೊತ್ತಿಗೆ ಕಾರಿನ ಅಡಿಗೂ ಬಗ್ಗಿ ನೋಡಿ. ರಸ್ತೆ ಮೇಲಿನ ಹುರುಳಿ, ತೊಗರಿಯ ಒಣ ಬಳ್ಳಿ ಕಡ್ಡಿ ಎಕ್ಸಾಸ್ಟ್ ಪೈಪಿಗೆ, ಆಕ್ಸೆಲ್‌ಗೆ ಸುತ್ತಿಕೊಂಡಿದ್ದರೆ ಒಂದು ಎಳೆಯೂ ಬಿಡದೆ ತೆಗೆಯಿರಿ. ಬೆಂಕಿ ಹತ್ತುವುದು ಅಲ್ಲಿಂದಲೇ.

ಮುಚ್ಚುವುದು, ನೀರು ಹಾಕುವುದು

ಎಂಜಿನ್ ಬೆಚ್ಚಗೆ ಮಾಡಲು ಮೈನಸ್ ಜೋಡಿಸಿ ಎರಡು ಮೂರು ನಿಮಿಷ ಚಾಲೂ ಮಾಡಿ, ಬಂದ್ ಮಾಡಿ, ಮತ್ತೆ ಮೈನಸ್ ಬಿಚ್ಚಿ. ಈಗ ಪ್ಲಾಸ್ಟಿಕ್ ಚೀಲದಿಂದ ಇವನ್ನು ಮುಚ್ಚಿ: ಆಲ್ಟರ್ನೇಟರ್ (ಬೆಲ್ಟ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಫ್ಯೂಸ್ ಡಬ್ಬಿ, ಗಾಳಿ ಒಳಹೋಗುವ ಮೂತಿ, ಬ್ಯಾಟರಿ, ಹಾರ್ನ್, ಮತ್ತು ಬಹಳ ಕಾರುಗಳಲ್ಲಿ ಬ್ಯಾಟರಿ ಸನಿಹ ಇರುವ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ದಪ್ಪ ವಾಯರ್ ಕಟ್ಟು ಹೋಗಿ ಸೇರುವ ಅಲ್ಯೂಮಿನಿಯಂ ಡಬ್ಬಿ. ಪೆಟ್ರೋಲ್ ಎಂಜಿನ್ ತಲೆಯ ಮೇಲೆ ಸಾಲಾಗಿ ಕೂತ ಇಗ್ನಿಷನ್ ಕಾಯಿಲ್‌ಗಳನ್ನು ಮರೆಯಬೇಡಿ. ಡೀಸೆಲ್‌ನಲ್ಲಿ ಇಂಜೆಕ್ಟರ್ ಕನೆಕ್ಟರ್‌ಗಳು. ಆಲ್ಟರ್ನೇಟರ್‌ನ ಮೈ ತುಂಬ ತೂತು, ಒಳಗೆ ತಾಮ್ರದ ಸುರುಳಿ, ಡಯೋಡ್, ಕಾರ್ಬನ್ ಬ್ರಷ್. ಕೆಸರು ನೀರು ಹೋದರೆ ಇವತ್ತು ಏನೂ ಆಗದೆ ಮುಂದೆ ಬೇರಿಂಗ್ ಸದ್ದು ಶುರುವಾಗುತ್ತದೆ, ಯಾರಿಗೂ ಕಾರಣ ನೆನಪಿರುವುದಿಲ್ಲ.

ಸಿಎನ್‌ಜಿ ಕಾರಿನಲ್ಲಿ ರೆಗ್ಯುಲೇಟರ್, ಗ್ಯಾಸ್ ಪೈಪಿನ ಜೋಡಣೆಗಳನ್ನು ಒಣ ಅರಿವೆಯಿಂದ ಒರೆಸಿ, ಯಾವ ನಟ್ಟನ್ನೂ ಮುಟ್ಟಬೇಡಿ. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಹೈ ವೋಲ್ಟೇಜ್‌ನದು, ಅಲ್ಲಿ ಮನೆಯಲ್ಲಿ ನೀರಿನ ಕೆಲಸ ಮಾಡಬಾರದು.

ಕ್ಲೀನರ್ ಅನ್ನು ಎಂಜಿನ್ ಮೇಲೆ ಚಿಮುಕಿಸದೆ ಬ್ರಷ್‌ಗೆ ಚಿಮುಕಿಸಿ, ಬ್ರಷ್‌ನಿಂದ ಹಚ್ಚಿ. ಎಷ್ಟು ಬೇಕೋ ಅಷ್ಟೇ, ಬೇಕಾದ ಕಡೆಗೇ ಹೋಗುತ್ತದೆ. ಒಂದು ಬಾರಿಗೆ ಎರಡು ಅಂಗೈಯಗಲ ಜಾಗ. ಹಚ್ಚಿ, ತಿಕ್ಕಿ, ಎರಡು ನಿಮಿಷ ಬಿಟ್ಟು, ಒಣಗುವ ಮುನ್ನ ಒದ್ದೆ ಅರಿವೆಯಿಂದ ಒರೆಸಿ. ಮಂಜಿನಂತೆ ಬೀಳುವ ಸ್ಪ್ರೇಯಿಂದ ಕ್ಯಾನ್ ನೀರು ಚಿಮುಕಿಸಿ ಇನ್ನೊಮ್ಮೆ ಒರೆಸಿ. ಗಟ್ಟಿ ಕರಿ ಒಂದೇ ಬಾರಿಗೆ ಬರದಿದ್ದರೆ ಎರಡನೇ ಬಾರಿ ಹಚ್ಚಿ, ಚಾಕು ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಬೆಲ್ಟ್ ಮೇಲೆ ಕ್ಲೀನರ್ ಬೀಳದಿರಲಿ. ವಾಯರ್ ಕಟ್ಟುಗಳನ್ನು ಬರೀ ಒದ್ದೆ ಅರಿವೆಯಿಂದ, ಒಂದೇ ದಿಕ್ಕಿಗೆ. ಒರೆಸುವಾಗ ಕನೆಕ್ಟರ್ ಒಂದು ಸಡಿಲ ಅನಿಸಿದರೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ.

ಏರ್ ಫಿಲ್ಟರ್ ಡಬ್ಬಿಯನ್ನು ಕೊನೆಗೆ, ಸುತ್ತಲೆಲ್ಲ ಒಣಗಿದ ಮೇಲೆ ತೆರೆಯಿರಿ. ಕಾಗದದ ಫಿಲ್ಟರ್ ತೊಳೆಯುವಂಥದ್ದಲ್ಲ. ಜೋರು ಗಾಳಿ ಬಿಟ್ಟರೆ ಕಣ್ಣಿಗೆ ಕಾಣದ ತೂತು ಬೀಳುತ್ತದೆ, ಅಲ್ಲಿಂದ ಧೂಳು ನೇರ ಸಿಲಿಂಡರ್‌ಗೆ. ಮೆಲ್ಲಗೆ ತಟ್ಟಿ ನೋಡಿ, ಬೆಳಕು ಹಾಯದಿದ್ದರೆ ಹೊಸದು ಹಾಕಿ. ಮ್ಯಾನುಯಲ್‌ನಲ್ಲಿ ಬರೆದ ಕಿಲೋಮೀಟರ್ ಒಳ್ಳೆ ರಸ್ತೆಗೆ, ಧೂಳಿನ ಪ್ರದೇಶಕ್ಕೆ ಅದೇ ಪುಸ್ತಕದಲ್ಲಿ ಕಡಿಮೆ ಅವಧಿ ಹೇಳಿರುತ್ತಾರೆ. ಆ ಸಾಲು ನಮಗಾಗಿಯೇ ಬರೆದದ್ದು. ಡಬ್ಬಿಯ ತಳ ಒರೆಸುವಾಗ ಎಂಜಿನ್ ಕಡೆಯ ಪೈಪಿನ ಬಾಯಿಗೆ ದೊಡ್ಡ ಅರಿವೆ ತುರುಕಿ ತುದಿ ಹೊರಗೆ ಜೋತಾಡಲಿ, ತೆಗೆಯಲು ಮರೆಯದಂತೆ.

ವಾಯರ್ ಜೋಡಿಸುವುದು

ಎಂಜಿನ್ ಜಾಗ ಅಸ್ತವ್ಯಸ್ತ ಕಾಣಲು ಮುಖ್ಯ ಕಾರಣ ಆಮೇಲೆ ಹಾಕಿಸಿದ ಹಾರ್ನ್, ಫಾಗ್ ಲ್ಯಾಂಪ್‌ಗಳ ವಾಯರ್. ಇದು ಅಂದದ ಮಾತಷ್ಟೇ ಆಗಿದ್ದರೆ ಬಿಡಬಹುದಿತ್ತು. ಜೋತಾಡುವ ವಾಯರ್ ಎಂಜಿನ್ ಅದುರಿಗೆ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಪ್ಲಾಸ್ಟಿಕ್ ಸವೆದು ಶಾರ್ಟ್ ಆಗುತ್ತದೆ. ಬ್ಯಾಟರಿಯಿಂದ ನೇರ ಎಳೆದ ವಾಯರ್‌ಗೆ ಫ್ಯೂಸ್ ಇದೆಯೇ ನೋಡಿ, ಅದೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ದೂರದಲ್ಲಿದ್ದರೆ ಫ್ಯೂಸ್‌ಗೂ ಬ್ಯಾಟರಿಗೂ ನಡುವಿನ ವಾಯರ್‌ಗೆ ಯಾವ ಕಾವಲೂ ಇಲ್ಲ. 55 ವ್ಯಾಟ್‌ನ ಎರಡು ಫಾಗ್ ಲ್ಯಾಂಪ್ ಅಂದರೆ 110 ವ್ಯಾಟ್, 12 ವೋಲ್ಟ್‌ಗೆ ಸುಮಾರು 9 ಆಂಪಿಯರ್. 15 ಆಂಪಿಯರ್ ಫ್ಯೂಸ್, ಒಂದು ರಿಲೇ, 2.5 ಚದರ ಮಿ.ಮೀ. ತಾಮ್ರದ ವಾಯರ್ ಇದ್ದರೆ ಸರಿ. ಫ್ಯೂಸ್ ಹಾರುತ್ತದೆಂದು 30ರದು ಹಾಕಿದ್ದರೆ ಅವತ್ತೇ ತೆಗೆಸಿ.

ಮನೆ ವಯರಿಂಗ್‌ನ ಪಿವಿಸಿ ಟೇಪ್ ಇಲ್ಲಿ ನಿಲ್ಲುವುದಿಲ್ಲ. ಬಿಸಿಗೆ ಅಂಟು ಕರಗಿ ಜಾರುತ್ತದೆ, ಆ ಅಂಟಿಗೆ ಧೂಳು ಕೂರುತ್ತದೆ. ಆಟೊಮೊಬೈಲ್ ಅಂಗಡಿಯಲ್ಲಿ ಬಟ್ಟೆಯಂಥ ವಯರಿಂಗ್ ಟೇಪ್, ಉದ್ದಕ್ಕೆ ಸೀಳಿದ ಸುರುಳಿ ಪೈಪು ಸಿಗುತ್ತದೆ. ವಾಯರ್ ಅನ್ನು ಪೈಪಿನೊಳಗೆ ಹಾಕಿ ಒಂದೊಂದು ಗೇಣಿಗೆ ಟೇಪ್ ಸುತ್ತಿ. ಕೇಬಲ್ ಟೈ ಕಪ್ಪು ಬಣ್ಣದ್ದೇ ಇರಲಿ, ಸಾದಾ ಬಿಳಿಯದು ಬಿಸಿಲು ಬಿಸಿಗೆ ಬೇಗ ಪುಡಿಯಾಗುತ್ತದೆ. ಮಾಮೂಲಿ ನೈಲಾನ್ ಟೈ ತಡೆಯುವುದು ಸುಮಾರು 85 ಡಿಗ್ರಿ. ಎಕ್ಸಾಸ್ಟ್, ಟರ್ಬೊ ಸನಿಹ ಅದಕ್ಕೆ ಜಾಗವಿಲ್ಲ. ಕಟ್ಟಿದ ಮೇಲೂ ಕಟ್ಟು ಬೆರಳಿಗೆ ತಿರುಗುವಷ್ಟು ಸಡಿಲ ಇರಬೇಕು. ಬ್ರೇಕ್ ಪೈಪು, ಇಂಧನದ ಪೈಪು, ಎಸಿ ಪೈಪಿಗೆ ಯಾವ ವಾಯರನ್ನೂ ಕಟ್ಟಬೇಡಿ. ಎಂಜಿನ್‌ಗೆ ಹೋಗುವ ವಾಯರ್‌ಗೆ ಸ್ವಲ್ಪ ಸಡಿಲು ಬಿಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ಅದು ಅಲುಗುತ್ತದೆ.

ಒಣಗಿಸಿ ಚಾಲೂ ಮಾಡುವುದು

ಚೀಲಗಳನ್ನು ತೆಗೆದು ಬ್ಲೋವರ್‌ನಿಂದ ಪ್ರತಿ ಸಂದಿಯ ನೀರು ಹೊರಡಿಸಿ, ಬಾನೆಟ್ ಎತ್ತಿ ಅರ್ಧ ಮುಕ್ಕಾಲು ತಾಸು ಬಿಸಿಲಿಗೆ ಬಿಡಿ. ತುರುಕಿದ ಅರಿವೆ, ಚೀಲ, ಪಾನಾ ಯಾವುದೂ ಒಳಗೆ ಉಳಿದಿಲ್ಲ ಎಂದು ಎಣಿಸಿ ನೋಡಿ. ಪ್ಲಸ್ ಬಿಚ್ಚಿದ್ದರೆ ಅದು ಮೊದಲು, ಮೈನಸ್ ಕೊನೆಗೆ. ಕ್ಲಾಂಪ್ ಕೈಯಿಂದ ತಿರುವಿದರೆ ತಿರುಗದಷ್ಟು ಬಿಗಿ ಸಾಕು, ಸೀಸದ ಕಂಬ ಮೆತ್ತಗಿದೆ. ಹತ್ತು ಹದಿನೈದು ನಿಮಿಷ ನಿಂತಲ್ಲೇ ಓಡಿಸಿ, ಎಸಿ ಹಾಕಿ, ಫ್ಯಾನ್ ತಿರುಗುವುದನ್ನು ನೋಡಿ.

ಸ್ಟಾರ್ಟರ್ ಟಿಕ್ ಎಂದು ಸುಮ್ಮನಾದರೆ ಮೊದಲು ಬ್ಯಾಟರಿ ಕ್ಲಾಂಪ್ ನೋಡಿ, ಬಹಳ ಸಲ ಅದೇ ಸಡಿಲ. ಎಂಜಿನ್ ಕುಂಟುತ್ತ ಚೆಕ್ ಲೈಟ್ ಮಿಣುಕಿದರೆ ಕಾಯಿಲ್ ಅಡಿಯ ಸ್ಪಾರ್ಕ್ ಪ್ಲಗ್ ಗುಂಡಿಗೆ ನೀರು ಇಳಿದಿರಬಹುದು. ಹಾಗೇ ಓಡಿಸಬೇಡಿ, ಎಂಜಿನ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಎಕ್ಸಾಸ್ಟ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅನ್ನು ಸುಟ್ಟು ಹಾಳು ಮಾಡುತ್ತದೆ. ಬಂದ್ ಮಾಡಿ, ತಣ್ಣಗಾದ ಮೇಲೆ ಕಾಯಿಲ್ ಎತ್ತಿ, ಗುಂಡಿಯ ನೀರು ಅರಿವೆಯಿಂದ ಹೀರಿಸಿ, ಗಾಳಿ ಹಿಡಿದು ಒಣಗಿಸಿ ಮತ್ತೆ ಕೂರಿಸಿ. ಬೆಲ್ಟ್ ಕಿರುಗುಟ್ಟಿದರೆ ಒದ್ದೆಯದು, ಐದು ನಿಮಿಷದಲ್ಲಿ ನಿಲ್ಲಬೇಕು. ಮಾರನೇ ದಿನವೂ ಕಿರುಗುಟ್ಟಿದರೆ ಕ್ಲೀನರ್ ಅಥವಾ ಎಣ್ಣೆ ತಾಗಿದೆ, ಇಲ್ಲವೇ ಬೆಲ್ಟ್ ಮೊದಲೇ ಸವೆದಿತ್ತು.

ಹೊಳಪು ಬೇಕೆಂದರೆ ನೀರಿನ ಆಧಾರದ ಡ್ರೆಸ್ಸಿಂಗ್ ಮಾತ್ರ, ಅರಿವೆಗೆ ಹಾಕಿ ಪ್ಲಾಸ್ಟಿಕ್ ಮತ್ತು ರಬ್ಬರ್ ಪೈಪಿಗೆ ತೆಳ್ಳಗೆ ಹಚ್ಚಿ, ಹತ್ತು ನಿಮಿಷದ ಮೇಲೆ ಒಣ ಅರಿವೆಯಿಂದ ಒರೆಸಿ. ನನ್ನ ಕೇಳಿದರೆ ನಮ್ಮ ಧೂಳಿಗೆ ಹೊಳಪೇ ಬೇಡ. ಹೊಳೆಯುವ ಜಿಡ್ಡಿನ ಪ್ಲಾಸ್ಟಿಕ್ ವಾರದೊಳಗೆ ಮತ್ತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಬರೀ ಒರೆಸಿದ ಮೇಲ್ಮೈಯ ಧೂಳು ಬ್ರಷ್ ಆಡಿಸಿದರೆ ಹೋಗುತ್ತದೆ.

ತಿಂಗಳಿಗೊಮ್ಮೆ ಒಣ ಬ್ರಷ್. ಮಾರ್ಚ್ ಕೊನೆಗೆ, ಬೇವಿನ ಎಲೆ ಮತ್ತು ರಾಶಿ ಮುಗಿದ ಮೇಲೆ ಒಮ್ಮೆ, ಮಳೆಗಾಲ ಮುಗಿದು ಕೆಸರು ಒಣಗಿದ ಮೇಲೆ ಇನ್ನೊಮ್ಮೆ ಪೂರ್ತಿ ಕೆಲಸ. ಜಮಖಂಡಿ, ಮುಧೋಳ ಕಡೆ ಸಕ್ಕರೆ ಕಾರ್ಖಾನೆ ಹತ್ತಿರ ಇರುವವರು ಕಬ್ಬು ನುರಿಸುವ ಹಂಗಾಮಿನಲ್ಲಿ ಬೂದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚೊಕ್ಕವಾದ ಮೇಲಿನ ಮೊದಲ ಹದಿನೈದು ದಿನ ಬಾನೆಟ್ ಎತ್ತಿ ಎತ್ತಿ ನೋಡುತ್ತಿರಿ. ಸೋರುವ ಜಾಗ ಇಷ್ಟು ಸ್ಪಷ್ಟ ಇನ್ಯಾವಾಗಲೂ ಕಾಣುವುದಿಲ್ಲ. ಟ್ಯಾಪೆಟ್ ಕವರ್ ಅಂಚಿನಲ್ಲಿ ಒದ್ದೆ ಗೆರೆ ಮೂಡಿದರೆ ಪ್ಯಾಕಿಂಗ್ ಹೋಗಿದೆ. ಪೈಪಿನ ಕ್ಲಾಂಪ್ ಹತ್ತಿರ ಹಸಿರು, ಗುಲಾಬಿ ಅಥವಾ ಬಿಳಿ ಪೊರೆ ಕಂಡರೆ ಕೂಲಂಟ್ ಜಿನುಗಿ ಒಣಗಿದೆ. ವಾಟರ್ ಪಂಪ್ ಅಡಿಯ ಸಣ್ಣ ತೂತಿನಿಂದ ಅಂಥ ಗೆರೆ ಇಳಿದಿದ್ದರೆ ಪಂಪಿನ ಸೀಲ್ ಹೋಗುತ್ತಿದೆ. ಬ್ರೇಕ್ ಆಯಿಲ್ ಡಬ್ಬಿಯ ಕೆಳಗೆ ಬಣ್ಣ ಉಬ್ಬಿದ್ದರೆ ಅವತ್ತೇ ಮಿಸ್ತ್ರಿ ಹತ್ತಿರ ಹೋಗಿ. ಉಳಿದವಕ್ಕೆ ಫೋಟೋ ತೆಗೆದು ತಾರೀಖು ಬರೆದಿಡಿ, ನಾಲ್ಕು ದಿನ ಬಿಟ್ಟು ಅದೇ ಜಾಗದ ಇನ್ನೊಂದು ಫೋಟೋ. ಎರಡನ್ನೂ ಪಕ್ಕ ಪಕ್ಕ ತೋರಿಸಿದರೆ ಮಿಸ್ತ್ರಿ ಎಂಜಿನ್ ಎಲ್ಲ ಬಿಚ್ಚಿ ಹುಡುಕಬೇಕಿಲ್ಲ, ನೇರ ಆ ಪ್ಯಾಕಿಂಗ್‌ಗೇ ಕೈ ಹಾಕುತ್ತಾನೆ.